ನಾಟಿ ಅಜ್ಜಿಯ ಲೆಕ್ಕ

2024ರ ಜುಲೈ ಪೂರ್ತಿ ನಮ್ಮ ಮನೆಯಲ್ಲಿ ಟಿವಿ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. 16ನೇ ತಾರೀಖು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂತು. 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಮೇಲೆ ಬಂತು. ವಯನಾಡು ನಮಗೆ ದೂರದ ಊರಲ್ಲ. ಕುಟ್ಟ ದಾಟಿದರೆ ಅದೇ. ಟಿವಿಯಲ್ಲಿ ಆ ಕೆಸರಿನ ಬಣ್ಣ ಕಂಡ ಕೂಡಲೇ ಅತ್ತೆ ಎದ್ದು ಒಳಗೆ ಹೋದರು. ಆ ಬಣ್ಣ ನಮಗೆ ಚೆನ್ನಾಗಿ ಗೊತ್ತು.

ಆಮೇಲೆ ಫೋನ್‌ಗಳು ಶುರುವಾದವು. ಬೆಂಗಳೂರಿನಿಂದ, ಮೈಸೂರಿನಿಂದ, ಒಬ್ಬಳು ಗೆಳತಿ ಮಸ್ಕತ್‌ನಿಂದ. ಎಲ್ಲರದೂ ಒಂದೇ ಪ್ರಶ್ನೆ. "ನೀವು ಇದನ್ನೆಲ್ಲ ಅನುಭವಿಸಿದವರು, ಏನು ಕಳಿಸಿದರೆ ಉಪಯೋಗ ಆಗುತ್ತೆ ಹೇಳು." ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು.

ನಮ್ಮದು ಮಡಿಕೇರಿ ತಾಲ್ಲೂಕು, ಮಕ್ಕಂದೂರು ಕಡೆ. ಹದಿನಾಲ್ಕು ಮನೆ, ಒಂದು ತೋಡು (ಸಣ್ಣ ಹೊಳೆ), ತೋಡಿನ ಎರಡೂ ಬದಿಗೆ ಗದ್ದೆ, ಗದ್ದೆಯ ಮೇಲೆ ಕಾಫಿ ತೋಟ, ತೋಟದ ಮೇಲೆ ಬೆಟ್ಟ. ಅಷ್ಟೇ ಊರು. ನಾನು ಮದುವೆಯಾಗಿ ಇಲ್ಲಿಗೆ ಬಂದವಳು. ಲೆಕ್ಕ ಬರೆಯುವ ಅಭ್ಯಾಸ ಇತ್ತು ಅಂತ ಮುಯ್ಯಾಳು ಪುಸ್ತಕ ನನ್ನ ಕೈಗೆ ಬಂತು. ಮುಯ್ಯಾಳು ಅಂದರೆ ಗೊತ್ತಲ್ವಾ? ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಕೂಲಿ ಇಲ್ಲ. ಯಾರು ಯಾರಿಗೆ ಎಷ್ಟು ದಿನ ಬಾಕಿ ಅನ್ನುವುದು ಮಾತ್ರ ಬರೆದಿಡಬೇಕು.

2018ರಲ್ಲಿ ಮಳೆ ಜೂನ್‌ನಿಂದಲೇ ಕೈ ಬಿಟ್ಟಿರಲಿಲ್ಲ. ಜುಲೈ 9ಕ್ಕೆ ಭೂಮಿ ಒಮ್ಮೆ ಸಣ್ಣಗೆ ನಡುಗಿತ್ತು. 3.4 ಅಂತ ಪೇಪರಿನಲ್ಲಿ ಬಂತು. ಪಾತ್ರೆ ಅಲುಗಾಡಿತು ಅಂತ ಮಾತಾಡಿಕೊಂಡು ಮರೆತೆವು. ಆಗಸ್ಟ್ ಮೊದಲ ವಾರ ನಾಟಿ ಮುಗಿಯಿತು. ಆಮೇಲೆ ಮಳೆ ಇನ್ನೂ ಜಾಸ್ತಿಯಾಯಿತು. ಸ್ವಾತಂತ್ರ್ಯ ದಿನಕ್ಕೆ ಕರೆಂಟ್ ಇರಲಿಲ್ಲ, ಫೋನ್ ಇರಲಿಲ್ಲ.

16ರ ಸಂಜೆ ತೋಡು ನಿಂತುಹೋಯಿತು.

ಅಷ್ಟು ದಿನ ಹಗಲೂ ರಾತ್ರಿ ಅದರ ಗದ್ದಲ ಕೇಳಿ ಕೇಳಿ ಕಿವಿಗೆ ಅಭ್ಯಾಸವಾಗಿತ್ತು. ಒಮ್ಮೆಲೇ ಸದ್ದಿಲ್ಲ. ಮಳೆ ಮಾತ್ರ ಹಾಗೇ ಸುರಿಯುತ್ತಿದೆ. ನಾನು ನೀರು ಇಳಿಯಿತು ಅಂದುಕೊಂಡು ಖುಷಿಪಟ್ಟೆ. ಆಗ ತೋಟದ ಕೆಲಸದವರ ಲೈನ್ ಮನೆಯಿಂದ, ಊರಿನ ಗದ್ದೆಗಳಲ್ಲೆಲ್ಲ ನಾಟಿ ಮಾಡುವ ನಾಟಿ ಅಜ್ಜಿ ಮಳೆಗೆ ಹೊದೆಯುವ ಗೊರಬೆ ಹಾಕಿಕೊಂಡು ಓಡಿ ಬಂದರು. ಎಪ್ಪತ್ತು ದಾಟಿದವರು. ಅಂಗಳದಿಂದಲೇ ಕೂಗಿದರು. "ನೀರು ಎಲ್ಲಿ ಹೋಯಿತು? ಮೇಲೆ ಎಲ್ಲೋ ಕಟ್ಟಿಕೊಂಡಿದೆ. ಏಳಿ, ಏಳಿ!" ಕೆಳಗಿನ ಎಲ್ಲ ಮನೆಗೂ ಹೋಗಿ ಹಾಗೇ ಕೂಗಿದರು. ನಾವು ಹೊದಿಕೆ, ಅಕ್ಕಿ, ಔಷಧಿ ಹಿಡಿದುಕೊಂಡು ಮೇಲಿನ ಶಾಲೆಗೆ ಹತ್ತಿದೆವು. ದನಗಳ ಹಗ್ಗ ಬಿಚ್ಚಿ ಬಿಟ್ಟೆವು.

ರಾತ್ರಿ ಎಷ್ಟು ಗಂಟೆಗೆ ಅಂತ ಗೊತ್ತಿಲ್ಲ, ಲಾರಿ ಕಲ್ಲು ಸುರಿದ ಹಾಗೆ ಸದ್ದು ಬಂತು. ನಿಲ್ಲಲೇ ಇಲ್ಲ. ಬೆಳಗ್ಗೆ ನೋಡಿದರೆ ಆರು ಮನೆ ಇರಲಿಲ್ಲ. ಲೈನ್ ಮನೆ ಇರಲಿಲ್ಲ. ಗದ್ದೆ ಇದ್ದ ಕಡೆ ಹಳದಿ ಮಿಶ್ರಿತ ಕೆಂಪು ಮಣ್ಣು, ಅದರ ಮೇಲೆ ಬೇರು ಮೇಲಾದ ಸಿಲ್ವರ್ ಓಕ್ ಮರಗಳು. ನಮ್ಮ ಊರಿನಲ್ಲಿ ಜೀವ ಹೋಗಲಿಲ್ಲ. ಅದೇ ಬೆಳಗ್ಗೆ ಜೋಡುಪಾಲದಲ್ಲಿ ಹೋಯಿತು. ಕಾಲೂರು, ಹೆಮ್ಮೆತ್ತಾಳು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಮೊಣ್ಣಂಗೇರಿ, ಒಂದೊಂದು ಹೆಸರು ಕೇಳಿದರೂ ಯಾರೋ ಒಬ್ಬರು ನೆಂಟರ ಮುಖ ಕಣ್ಣ ಮುಂದೆ ಬರುತ್ತಿತ್ತು. ಆಮೇಲೆ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿದರು. ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ಅಂತ ಇಳಿಜಾರು ಕಡಿದದ್ದೂ ಕಾರಣ ಅಂದರು. ನಮ್ಮ ಬೆಟ್ಟದ ಬುಡದಲ್ಲೂ ಹೊಸ ದಾರಿಗೆ ಅಂತ ಬರೆ, ಅಂದರೆ ಇಳಿಜಾರಿನ ದಂಡೆ, ಕಡಿದಿದ್ದರು. ನಾವೂ ನೋಡಿಕೊಂಡು ಸುಮ್ಮನಿದ್ದೆವು. ಅದು ಈಗಲೂ ನೋವಿನ ವಿಷಯ.

ಎರಡು ದಿನ ಶಾಲೆಯಲ್ಲಿದ್ದು, ಆಮೇಲೆ ಸೈನಿಕರ ಸಹಾಯದಿಂದ ಕಾಡಿನ ದಾರಿಯಲ್ಲಿ ನಡೆದು ಮಡಿಕೇರಿ ಸೇರಿದೆವು. ಪರಿಹಾರ ಕೇಂದ್ರದಲ್ಲಿ ಒಂದೂವರೆ ತಿಂಗಳು ಇದ್ದೆವು. ಏನು ಕಳಿಸಬೇಕು ಅಂತ ಕೇಳಿದಿರಲ್ಲ, ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಹಳೇ ಬಟ್ಟೆ ಬೆಟ್ಟದಷ್ಟು ಬಂತು. ರಾಶಿ ಹಾಕಲು ಜಾಗ ಇಲ್ಲದೆ ವರಾಂಡದಲ್ಲಿ ಒದ್ದೆಯಾಗಿ ಬೂಸ್ಟು ಹಿಡಿಯಿತು. ಒಳಉಡುಪು, ಸ್ಯಾನಿಟರಿ ಪ್ಯಾಡ್, ಕನ್ನಡಕ, ಬಿಪಿ ಮಾತ್ರೆಗೆ ಪರದಾಡಿದೆವು. ಮಾವನ ಕನ್ನಡಕ ಮಣ್ಣಿನಲ್ಲಿ ಹೋಗಿತ್ತು. ಸಹಿ ಹಾಕಬೇಕಾದ ಅರ್ಜಿಗಳನ್ನು ಓದಲು ಆಗದೆ ಅವರು ಪಟ್ಟ ಸಂಕಟ ನನಗೆ ಗೊತ್ತು.

ಮನಸ್ಸಿಗೆ ತಟ್ಟಿದ್ದು ಜೋಳದ ರೊಟ್ಟಿ. ಉತ್ತರ ಕರ್ನಾಟಕದಿಂದ ಲೋಡ್‌ಗಟ್ಟಲೆ ಬಂತು. ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ. ಅಕ್ಕಿ ರೊಟ್ಟಿ, ಕಡುಬು ತಿಂದು ಬೆಳೆದ ನಮ್ಮ ಮುದುಕರಿಗೆ ಅದನ್ನು ಹೇಗೆ ತಿನ್ನುವುದು ಅಂತ ಗೊತ್ತಿಲ್ಲ. ಅತ್ತೆ ಚಹಾದಲ್ಲಿ ಅದ್ದಿ ತಿಂದರು. ಒಂದು ಕಟ್ಟಿನಲ್ಲಿ ಚೀಟಿ ಇತ್ತು. ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಬಡಿದದ್ದು ಅಂತ ಬರೆದಿದ್ದರು. ಊರಿನ ಹೆಸರಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಊರೂರೇ ಮುಳುಗಿದಾಗ ಅತ್ತೆ ಆ ಚೀಟಿ ತೆಗೆದು ತುಂಬ ಹೊತ್ತು ನೋಡಿದರು. ಆ ಓಣಿಯಲ್ಲೂ ನೀರು ಬಂದಿರಬಹುದಾ ಅಂತ ಎರಡು ಸಲ ಕೇಳಿದರು.

ನವೆಂಬರ್ ಕೊನೆಗೆ ಹುತ್ತರಿ ಬಂತು. ಹುತ್ತರಿ ಅಂದರೆ ಗದ್ದೆಗೆ ಹೋಗಿ ಹೊಸ ಭತ್ತದ ಕದಿರು ಕುಯ್ದು, ಪೊಲಿ ಪೊಲಿ ದೇವಾ ಅಂತ ಕೂಗುತ್ತಾ ಮನೆಗೆ ತರುವ ಹಬ್ಬ. ಕದಿರಿಗೆ ಗದ್ದೆ ಎಲ್ಲಿದೆ? ಅಷ್ಟು ಹೊತ್ತಿಗೆ ಗಟ್ಟಿ ಉಳಿದ ಎಂಟು ಮನೆಗಳಿಗೆ ನಾವು ವಾಪಸ್ ಬಂದಿದ್ದೆವು. ಮನೆ ಕಳೆದುಕೊಂಡ ಆರು ಕುಟುಂಬ ಬಾಡಿಗೆ ಮನೆಗಳಲ್ಲಿತ್ತು. ಅವರನ್ನೂ ಕರೆದೆವು. ಬೇರೆ ನಾಡಿನ ನೆಂಟರೊಬ್ಬರು ತಮ್ಮ ಗದ್ದೆಯ ಕದಿರನ್ನು ಜೀಪಿನಲ್ಲಿ ತಂದು ಹದಿನಾಲ್ಕು ಪಾಲು ಮಾಡಿ ಕೊಟ್ಟರು. ತಂಬಿಟ್ಟು ಮಾಡಿದೆವು, ಗೆಣಸು ಬೇಯಿಸಿದೆವು. ಕೋವಿ ಹಾರಿಸಲು ಮಾತ್ರ ಯಾರೂ ಒಪ್ಪಲಿಲ್ಲ. ಮಕ್ಕಳು ಇನ್ನೂ ದೊಡ್ಡ ಸದ್ದಿಗೆ ಬೆಚ್ಚುತ್ತಿದ್ದರು.

ಆ ರಾತ್ರಿಯೇ ಸಣ್ಣಮಾವ ಮಾತು ತೆಗೆದರು. ಬರುವ ಹುತ್ತರಿಗೆ ನಮ್ಮ ಗದ್ದೆಯ ಕದಿರೇ ಆಗಬೇಕು.

ಹೇಳುವುದು ಸುಲಭ. ಏಳು ಎಕರೆ ಗದ್ದೆ ಮಣ್ಣಿನಡಿ ಇತ್ತು. ಬೆಟ್ಟದ ಹೊಟ್ಟೆಯೊಳಗಿಂದ ಬಂದ ಮಣ್ಣು ಅದು. ಸತ್ವ ಇಲ್ಲ, ನೀರು ನಿಲ್ಲುವುದಿಲ್ಲ. ಸರ್ಕಾರದ ಆಗಿನ ನಿಯಮದ ಪ್ರಕಾರ ಮೂರು ಇಂಚಿಗಿಂತ ಜಾಸ್ತಿ ಹೂಳು ತುಂಬಿದ್ದರೆ ತೆಗೆಸಲು ಹೆಕ್ಟೇರಿಗೆ 12,200 ರೂಪಾಯಿ. ನಮ್ಮ ಏಳು ಎಕರೆಗೆ ಎಲ್ಲಾ ಸೇರಿಸಿದರೆ 34,500 ಹತ್ತಿರ. ಮಣ್ಣು ತೆಗೆಯುವ ಹಿಟಾಚಿ ಎರಡು ದಿನ ಓಡಿದರೆ ಆ ದುಡ್ಡು ಮುಗಿಯಿತು. ಕೆಲವು ಕಡೆ ಹೂಳು ಎದೆಮಟ್ಟ ಇತ್ತು. ಅಂಥ ನಾಲ್ಕು ಎಕರೆಯನ್ನು ಬಿಟ್ಟುಬಿಡೋಣ ಅಂತ ತೀರ್ಮಾನವಾಯಿತು. ಅದನ್ನು ಒಪ್ಪಲು ಎಷ್ಟು ಸಭೆ, ಎಷ್ಟು ಕಣ್ಣೀರು! ಯಾಕೆಂದರೆ ಆ ನಾಲ್ಕು ಎಕರೆ ಮೂರು ಮನೆಯವರದ್ದು. ಕೊನೆಗೆ ಉಳಿದ ಮೂರು ಎಕರೆಯನ್ನು ಎಲ್ಲರೂ ಸೇರಿ ತೆಗೆದು, ಮೊದಲ ಮೂರು ವರ್ಷದ ಭತ್ತವನ್ನು ಎಲ್ಲ ಮನೆಗೂ ಸಮ ಹಂಚುವುದು ಅಂತ ಪುಸ್ತಕದಲ್ಲಿ ಬರೆದೆ. ಹದಿನಾಲ್ಕು ಸಹಿ ಇವೆ. ಎರಡು ಹೆಬ್ಬೆಟ್ಟು.

ಈ ಮೂರು ಎಕರೆಯಲ್ಲಿ ಹೂಳು ಒಂದು ಅಡಿ, ಒಂದೂವರೆ ಅಡಿ. ತೆಗೆಯಬಹುದು. ಆದರೆ ಎಲ್ಲಿ ತೆಗೆಯುವುದು? ನಮ್ಮ ಗದ್ದೆಗಳು ಮೆಟ್ಟಿಲು ಮೆಟ್ಟಿಲು. ಒಂದೊಂದು ಗದ್ದೆಯ ಅಡಿಯಲ್ಲೂ ವರ್ಷಾನುಗಟ್ಟಲೆ ತುಳಿದು ತುಳಿದು ಗಟ್ಟಿಯಾದ ಜೇಡಿ ಪದರ ಇರುತ್ತದೆ. ನೀರು ನಿಲ್ಲುವುದು ಅದರಿಂದಲೇ. ಹಿಟಾಚಿ ಹಲ್ಲು ಅದನ್ನು ಸೀಳಿದರೆ ಗದ್ದೆ ಸೋರುತ್ತದೆ, ಮತ್ತೆ ಕೂರಲು ಎಷ್ಟೋ ವರ್ಷ ಬೇಕು. ಸರ್ವೆಯವರು ಬಂದು ಹೊರಗಿನ ಗಡಿ ಗುರುತಿಸಿ ಕೊಟ್ಟರು. ಒಳಗಿನ ಏರಿಗಳು, ಅಂದರೆ ಬದುಗಳು, ಯಾವ ನಕ್ಷೆಯಲ್ಲೂ ಇಲ್ಲ. ಗಂಡಸರು ನಿಂತು ವಾದ ಮಾಡಿದರು. ಇಲ್ಲಿತ್ತು, ಅಲ್ಲಿತ್ತು. ತಮ್ಮ ತಮ್ಮ ಗದ್ದೆ ಮಾತ್ರ ಅವರಿಗೆ ಗೊತ್ತು, ಅದೂ ಅರೆಬರೆ.

ಅತ್ತೆ ಹೇಳಿದರು, "ನಾಟಿ ಅಜ್ಜಿಯನ್ನು ಕೇಳಿ."

ಅಜ್ಜಿಗೆ ಒಂದು ಅಂಗುಲ ಗದ್ದೆ ಇಲ್ಲ. ಸಣ್ಣ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ತೋಟದ ಕೆಲಸಕ್ಕೆ ಬಂದವರು. ಐವತ್ತು ವರ್ಷಕ್ಕೂ ಜಾಸ್ತಿ ಈ ಊರಿನ ಪ್ರತಿಯೊಂದು ಗದ್ದೆಯಲ್ಲೂ ಬಗ್ಗಿ ನಾಟಿ ಮಾಡಿದ್ದಾರೆ. ಲೈನ್ ಮನೆ ಹೋದ ಮೇಲೆ ಮಗಳ ಮನೆಯಲ್ಲಿ ಸುಂಟಿಕೊಪ್ಪದಲ್ಲಿದ್ದರು. ಹೋಗಿ ಕರೆದುಕೊಂಡು ಬಂದೆವು. 2019ರ ಫೆಬ್ರವರಿ, ಕಾಫಿ ಕುಯ್ಲು ಮುಗಿದ ಸಮಯ.

ಅಜ್ಜಿ ಬಂದವರೇ ಗದ್ದೆ ನೋಡಲಿಲ್ಲ, ತೋಟದ ಅಂಚಿನ ಹಲಸಿನ ಮರ ನೋಡಿದರು. ಅದೊಂದು ಉಳಿದಿತ್ತು. "ಸರಿ, ಮರ ಇದೆಯಲ್ಲ" ಅಂದರು. ಬೆಳಗ್ಗೆ ಹತ್ತು ಗಂಟೆ ಚಹಾಕ್ಕೆ ಅದರ ನೆರಳಿನ ತುದಿ ಎಲ್ಲಿ ಬೀಳುತ್ತಿತ್ತು, ಅಲ್ಲಿಂದ ತೋಡಿನ ಕಡೆ ಎಷ್ಟು ಹೆಜ್ಜೆ, ಎಲ್ಲಾ ಅವರ ಬಾಯಲ್ಲಿತ್ತು. ಗದ್ದೆಯ ಅಳತೆಯನ್ನು ಅವರು ಸೆಂಟ್‌ನಲ್ಲಿ ಹೇಳುವುದಿಲ್ಲ, ಸೂಡಿಯಲ್ಲಿ ಹೇಳುತ್ತಾರೆ. ಸೂಡಿ ಅಂದರೆ ಅಗೆಯ, ಅಂದರೆ ಭತ್ತದ ಸಸಿಯ, ಕಟ್ಟು. "ಇದು ನಲವತ್ತು ಸೂಡಿ ಅಗೆಯ ಗದ್ದೆ. ಇದು ಮೂವತ್ತೆರಡು. ಈ ಮೂಲೆ ಗದ್ದೆಗೆ ಇಪ್ಪತ್ತೇ ಸಾಕು, ಆದರೆ ಏರಿ ಹಾವಿನ ಹಾಗೆ ಸೊಟ್ಟ." ನಾನು ಹಿಂದೆ ಹಿಂದೆ ಬರೆದುಕೊಳ್ಳುತ್ತಾ ಹೋದೆ. ಹುಡುಗರು ಅವರು ತೋರಿಸಿದ ಕಡೆ ಬಿದಿರು ಗೂಟ ಹೊಡೆದರು. ಸೊಟ್ಟ ಏರಿಗೆ ಹದಿನೇಳು ಗೂಟ ಬೇಕಾಯಿತು.

ಒಂದೇ ಕಡೆ ಅಜ್ಜಿ ನಿಂತುಬಿಟ್ಟರು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಏರಿ. ನಮ್ಮ ಮಾವನ ಕಾಲದಿಂದ ಅದರ ಬಗ್ಗೆ ಜಗಳ. ಯಾರೋ ಒಬ್ಬರು ಒಂದೂವರೆ ಅಡಿ ಸರಿಸಿದ್ದಾರೆ ಅಂತ ಇವರೂ ಹೇಳುತ್ತಾರೆ, ಅವರೂ ಹೇಳುತ್ತಾರೆ. ಎರಡು ಮನೆಗೂ ಮದುವೆ ಕರೆಯೋಲೆ ಕೂಡ ನಿಂತಿತ್ತು. ಅಜ್ಜಿ ಕೋಲು ಕೆಳಗಿಟ್ಟರು. "ನಾನು ಹೇಳಿದರೆ ಒಂದು ಮನೆಗೆ ಬೇಸರ. ಎರಡು ಮನೆಯ ಅನ್ನವೂ ತಿಂದಿದ್ದೇನೆ. ನನ್ನನ್ನು ಕೇಳಬೇಡಿ." ಎಷ್ಟು ಹೊತ್ತು ಹಾಗೇ ಕಳೆಯಿತೋ. ಕೊನೆಗೆ ಪಕ್ಕದ ಮನೆಯ ದೊಡ್ಡಪ್ಪನೇ ಬಗ್ಗಿ ಕೋಲು ತೆಗೆದು ಅಜ್ಜಿಯ ಕೈಗೆ ಕೊಟ್ಟರು. "ಎಲ್ಲಿ ಇಟ್ಟರೂ ಸರಿ. ಇಡಿ." ಅಜ್ಜಿ ಇಟ್ಟರು. ಎಲ್ಲಿ ಇಟ್ಟರು, ಯಾರ ಕಡೆಗೆ ಹೋಯಿತು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲೂ ಯಾರೂ ಆಮೇಲೆ ಮಾತಾಡಿಲ್ಲ.

ಹಿಟಾಚಿ ಮೊದಲ ಸಲ ಕೈ ಹಾಕಿದ್ದು ನಲವತ್ತು ಸೂಡಿ ಗದ್ದೆಗೆ. ಡ್ರೈವರ್ ಚಿಕ್ಕ ಹುಡುಗ, ತುಂಬ ನಾಜೂಕಿನ ಕೈ. ಒಂದು ಅಡಿ ಕೆಂಪು ಮಣ್ಣು ತೆಗೆದ ಮೇಲೆ ಅಜ್ಜಿ ಕೈ ಎತ್ತಿ ನಿಲ್ಲಿಸಿದರು. ಅಲ್ಲಿಂದ ನಾವು ಗುದ್ದಲಿ, ಆಮೇಲೆ ಬರಿ ಕೈ. ಮಣ್ಣು ಒಮ್ಮೆಲೇ ಕಪ್ಪಾಯಿತು. ಹಳೇ ಕೆಸರಿನ ವಾಸನೆ ಬಂತು. ಇನ್ನೂ ಸ್ವಲ್ಪ ಕೆರೆದಾಗ ಕಂಡಿತು. ಆಗಸ್ಟ್‌ನಲ್ಲಿ ನಾವೇ ನೆಟ್ಟ ಅಗೆ. ಹಳದಿಯಾಗಿ, ನೂಲಿನ ಹಾಗೆ ತೆಳುವಾಗಿ, ಎಲ್ಲಾ ಒಂದೇ ಕಡೆಗೆ ಮಲಗಿತ್ತು. ಬುಡ ಮಾತ್ರ ನೆಟ್ಟಲ್ಲೇ ಇತ್ತು. ಸಾಲು ತಪ್ಪಿರಲಿಲ್ಲ. ನಾನು ಒಂದು ಬುಡ ಹಿಡಿದು ಎಳೆದೆ, ಬೇರು ಕಪ್ಪು ಮಣ್ಣು ಕಚ್ಚಿಕೊಂಡೇ ಮೇಲೆ ಬಂತು. ಆ ಸಾಲು ನನ್ನದೇ ಇರಬಹುದು. ಯಾರೂ ಮಾತಾಡಲಿಲ್ಲ. ಹಿಟಾಚಿ ಹುಡುಗ ಎಂಜಿನ್ ಆಫ್ ಮಾಡಿ ಕೆಳಗೆ ಇಳಿದು ಬಂದು ನೋಡಿದ. ಅಜ್ಜಿಯ ಗೂಟದಿಂದ ಏರಿ ಒಂದು ಗೇಣು ದೂರ ಇತ್ತು, ಅಷ್ಟೇ.

ಹಿಟಾಚಿ ಒಟ್ಟು 61 ಗಂಟೆ ಓಡಿತು. ಪರಿಹಾರದ ಹಣ ಕಡಿಮೆ ಬಿದ್ದದ್ದಕ್ಕೆ ಉಳಿದ ಮನೆಗಳ ಕಾಫಿ ದುಡ್ಡು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರ ಮಕ್ಕಳ ದುಡ್ಡು ಹಾಕಿದೆವು. ಹಟ್ಟಿ ಗೊಬ್ಬರ ಹೊತ್ತೆವು, ಮೊದಲ ಮಳೆಗೆ ಸೆಣಬು ಬಿತ್ತಿ ಹೂ ಬಿಡುವ ಮೊದಲು ಉತ್ತು ಮಣ್ಣಿಗೆ ಸೇರಿಸಿದೆವು. ಬರೆಯ ಅಂಚಿಗೆ ಲಾವಂಚ ಹಾಕಿದೆವು.

ಈ ಮಧ್ಯೆ ಅಜ್ಜಿಯ ಮನೆಯ ವಿಷಯ. ಲೈನ್ ಮನೆ ಅವರ ಹೆಸರಿನಲ್ಲಿ ಇರಲಿಲ್ಲ, ಹಾಗಾಗಿ ಮನೆ ಕಳೆದುಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಮೂರು ಸಲ ಅರ್ಜಿ ಕೊಟ್ಟೆವು. ಕಾಗದ ಕೇಳಿದರು. ಎಲ್ಲಿಂದ ತರುವುದು? ಊರಿನ ಎಲ್ಲ ಗದ್ದೆಯ ಗುರುತು ತಲೆಯಲ್ಲಿರುವ ಹೆಂಗಸಿನ ಹತ್ತಿರ ತನ್ನದು ಅಂತ ಒಂದು ಚೀಟಿ ಇಲ್ಲ. ನನಗೆ ಆ ಸಿಟ್ಟು ಇನ್ನೂ ಆರಿಲ್ಲ. ವಯನಾಡಿನಲ್ಲೂ ಎಸ್ಟೇಟ್ ಪಾಡಿಗಳಲ್ಲಿ, ಅಂದರೆ ಅಲ್ಲಿನ ಲೈನ್ ಮನೆಗಳಲ್ಲಿ, ಇದ್ದವರ ಸುದ್ದಿ ನೋಡಿದಾಗ ನನಗೆ ಮೊದಲು ಬಂದ ಯೋಚನೆ ಇದೇ. ಅವರ ಹೆಸರು ಯಾರು ಬರೆಯುತ್ತಾರೆ?

ಸಣ್ಣಮಾವ ನಮ್ಮ ಕಾಫಿ ಕಣದ ಹಿಂದೆ, ತೋಡಿನಿಂದ ಮೇಲೆ, ಐದು ಸೆಂಟ್ ಜಾಗ ಅಜ್ಜಿಯ ಹೆಸರಿಗೆ ಬರೆದುಕೊಟ್ಟರು. ಗುಡ್ಡದ ಜೊತೆ ಬಂದ ಕಲ್ಲನ್ನೇ ಅಡಿಪಾಯಕ್ಕೆ ಹಾಕಿದೆವು. ಬಿದ್ದ ಆರು ಮನೆಗಳ ಅವಶೇಷದಿಂದ ಒಡೆಯದ ಮಂಗಳೂರು ಹೆಂಚು ಹೆಕ್ಕಿದೆವು. ಅದಕ್ಕೆ ಆ ಮನೆಗಳವರೇ ಬಂದರು. ಒಬ್ಬಾಕೆ ಒಂದು ಹೆಂಚು ಹಿಡಿದುಕೊಂಡು, "ಇದು ನಮ್ಮ ಅಡುಗೆಮನೆಯದ್ದು, ಹೊಗೆ ಹಿಡಿದಿದೆ ನೋಡು" ಅಂದಳು. ತೊಳೆಯಲು ಬಿಡಲಿಲ್ಲ. ಹಾಗೇ ಅಜ್ಜಿಯ ಒಲೆಯ ಮೇಲೆ ಕೂರಿಸಿದೆವು. ಮೇ ಕೊನೆಗೆ ಎರಡು ಕೋಣೆಯ ಮನೆ ಎದ್ದಿತು.

ಆ ಜುಲೈಯಲ್ಲಿ ನಾಟಿ ಮಾಡಿದೆವು. ತಗ್ಗಿಗೆ ಇಂಟಾನ್ ಭತ್ತ, ಮೇಲಿನ ಗದ್ದೆಗೆ ಅತಿರ ಭತ್ತ. ಕೊನೆಯ ದಿನ ದೊಡ್ಡ ಗದ್ದೆಯಲ್ಲಿ ಮಕ್ಕಳಿಗೆ ನಾಟಿ ಓಟ ಇಟ್ಟೆವು. ಕೆಸರಿಗೆ ಇಳಿಯಲು ಹೆದರಿ ನಿಂತ ನನ್ನ ಮಗಳನ್ನು ಅಜ್ಜಿಯೇ ಕೈ ಹಿಡಿದು ಇಳಿಸಿದರು. ಆಗಸ್ಟ್‌ನಲ್ಲಿ ಮತ್ತೆ ಅದೇ ಮಳೆ. ವಿರಾಜಪೇಟೆ ಕಡೆ ತೋರ ಗ್ರಾಮದಲ್ಲಿ ಗುಡ್ಡ ಬಂತು, ಮನೆಗಳ ಜೊತೆ ಜನರೂ ಹೋದರು. ನಾವು ಹತ್ತು ದಿನ ಮಡಿಕೇರಿಯಲ್ಲಿದ್ದೆವು. ಬಂದು ನೋಡಿದಾಗ ಗದ್ದೆ ಹಸಿರಾಗೇ ಇತ್ತು. ಡಿಸೆಂಬರಿನ ಹುತ್ತರಿಗೆ ನಲವತ್ತು ಸೂಡಿ ಗದ್ದೆಯಿಂದ ಕದಿರು ತೆಗೆದೆವು. ಬಾಡಿಗೆ ಮನೆಯಲ್ಲಿದ್ದವರೂ ಬಂದಿದ್ದರು. ಆಮೇಲೆ 2020ರ ಜೂನ್‌ನಲ್ಲಿ ಜಂಬೂರು, ಮದೆನಾಡಿನಲ್ಲಿ ಸರ್ಕಾರದ ಮನೆಗಳನ್ನು ಹಂಚಿದರು. ನಮ್ಮವರಿಗೂ ಮನೆ ಸಿಕ್ಕಿತು. ಎರಡು ಕೋಣೆ, ಗಟ್ಟಿ ಗೋಡೆ, ಒಳ್ಳೆಯ ಮನೆ. ಅಂಗಳ ಮಾತ್ರ ಇಲ್ಲ, ದನ ಕಟ್ಟಲು ಜಾಗ ಇಲ್ಲ. ನಾಟಿಯ ದಿನ ಬೆಳಗ್ಗೆ ಏಳಕ್ಕೆ ಜೀಪು ಮಾಡಿಕೊಂಡು ಬಂದುಬಿಡುತ್ತಾರೆ.

ಮುಯ್ಯಾಳು ಪುಸ್ತಕದಲ್ಲಿ ಅಜ್ಜಿಯ ಹೆಸರಿಗೆ ಒಂದು ಪುಟ ಇದೆ. ಗೂಟ ಹೊಡೆಸಿದ್ದು 11 ದಿನ. ಅವರ ಮನೆಗೆ ನಾವು ಹೋಗಿದ್ದು ಎಲ್ಲರದ್ದೂ ಸೇರಿ 73 ದಿನ. ನಾನು ಪುಟ ಮುಚ್ಚಿ ಲೆಕ್ಕ ಮುಗಿಯಿತು ಅಂದೆ. ಅಜ್ಜಿ ಒಪ್ಪಲಿಲ್ಲ. ಓದಲು ಬರುವುದಿಲ್ಲ, ಆದರೆ ಕಳೆಯುವುದು ಚೆನ್ನಾಗಿ ಬರುತ್ತದೆ. "62 ದಿನ ನನ್ನ ಮೇಲಿದೆ. ಬರೆ." ಪ್ರತಿ ವರ್ಷ ನಾಟಿಗೆ ನಾಲ್ಕು ದಿನ, ಐದು ದಿನ ಬರುತ್ತಾರೆ. ಈಗ ಮಂಡಿ ಬಗ್ಗುವುದಿಲ್ಲ. ಹಲಸಿನ ಮರದಡಿ ಕೂತು ಸೂಡಿ ಎಣಿಸಿ ಕೊಡುತ್ತಾರೆ, ಸಾಲು ಸೊಟ್ಟ ಹೋದರೆ ಅಲ್ಲಿಂದಲೇ ಕೂಗುತ್ತಾರೆ. 2024ರ ಜುಲೈಗೆ 27 ದಿನ ತೀರಿತು. 35 ಬಾಕಿ.

ಕೇಳಿದವರಿಗೆ ನಾನು ಹೇಳಿದ್ದು ಇಷ್ಟು. ಈಗ ಹಳೇ ಬಟ್ಟೆ ಕಳಿಸಬೇಡಿ. ಔಷಧಿ, ಕನ್ನಡಕ, ಹೊಸ ಒಳಉಡುಪು ಕಳಿಸಿ. ಸ್ವಲ್ಪ ಹಣ ಎತ್ತಿಟ್ಟು ಫೆಬ್ರವರಿಯಲ್ಲಿ ಕಳಿಸಿ. ಕ್ಯಾಮೆರಾಗಳೆಲ್ಲ ಹೋದ ಮೇಲೆ, ಮಣ್ಣು ಒಣಗಿ ಹಿಟಾಚಿ ಇಳಿಯುವ ಹೊತ್ತಿಗೆ ಅದು ಬೇಕಾಗುತ್ತದೆ.

ಇವತ್ತೂ ಮಳೆ ಇದೆ. ಶಾಲೆಯ ಹತ್ತಿರ ಮಳೆಮಾಪಕ ಇಟ್ಟಿದ್ದೇವೆ. ಎರಡು ದಿನ ಸೇರಿ ಹದಿನೈದು ಇಂಚು ದಾಟಿದರೆ ಯಾರೂ ಯಾರನ್ನೂ ಕೇಳದೆ ಮೇಲೆ ಹತ್ತಬೇಕು ಅಂತ ನಿಯಮ. ಬೆಳಗ್ಗೆ ಎಂಟಕ್ಕೆ 3 ಇಂಚು 40 ಸೆಂಟ್ಸ್, ಅಂದರೆ 3.4 ಇಂಚು ಇತ್ತು. ಗ್ರೂಪಿಗೆ ಹಾಕಿದೆ. ಐದು ನಿಮಿಷಕ್ಕೆ ಅಜ್ಜಿಯ ಫೋನ್ ಬಂತು. ನಮ್ಮ ಕಣದ ಹಿಂದೆಯೇ ಮನೆ, ಆದರೂ ಈ ಮಳೆಯಲ್ಲಿ ಇಳಿದು ಬರುವುದು ಬೇಡ ಅಂತ ನಾವೇ ಫೋನ್ ಕೊಡಿಸಿದ್ದೇವೆ.

"ಇಂಚು ಗಿಂಚು ಇರಲಿ. ತೋಡು ಯಾವ ಬಣ್ಣ?"

ಕೊಡೆ ಹಿಡಿದು ಹೋಗಿ ನೋಡಿದೆ. ನೀರು ತುಂಬ ಇತ್ತು, ಸದ್ದೂ ಜೋರಾಗೇ ಇತ್ತು. ಬಣ್ಣ ತೆಳು ಚಹಾದ ಹಾಗೆ, ಅಂಚಿನ ಕಲ್ಲುಗಳು ಕಾಣುತ್ತಿದ್ದವು. ಅಜ್ಜಿಗೂ ಕೇಳಲಿ ಅಂತ ಫೋನನ್ನು ತೋಡಿನ ಕಡೆ ಸ್ವಲ್ಪ ಹೊತ್ತು ಹಿಡಿದೆ.

"ಸರಿ" ಅಂದರು. "ಗಂಜಿ ಇಟ್ಟಿದ್ದೇನೆ, ಹೋಗುತ್ತೇನೆ."